ಎಡಭುಜದ ಅಳತೆ

ಬೆಲೆ ಕಟ್ಟುವವನ ಮುಂದೆ ಯಾರೂ ಬಾಯಿ ತೆರೆಯಬಾರದು. ಹುಮನಾಬಾದಿನ ನನ್ನ ಬಂದೂಕಿನ ಅಂಗಡಿಯಲ್ಲಿ ಇರುವುದು ಇದೊಂದೇ ಕಾಯಿದೆ, ಅದನ್ನು ಪಾಲಿಸಿದ ಒಬ್ಬ ಗಿರಾಕಿಯನ್ನೂ ನಾನು ಇವತ್ತಿನವರೆಗೆ ಕಂಡಿಲ್ಲ.

ಬಸವಕಲ್ಯಾಣದ ಕಡೆಯ ರಾಜೇಶ್ವರದಿಂದ ಬಂದ ಶರಣಪ್ಪ ಕಾಕಾ ಅವತ್ತು ಜೀಪು ಇಳಿಯುತ್ತಲೇ ಶುರು ಮಾಡಿದರು. ಅವರ ಕಣ್ಣು ಮಂಜಾಗಿತ್ತು. ಡಾಕ್ಟರು ಸರ್ಟಿಫಿಕೇಟ್ ಕೊಡಲಿಲ್ಲ, ಹಾಗಾಗಿ ರೈಫಲ್ಲಿನ ಲೈಸೆನ್ಸ್ ಮುಂದುವರಿಯುವಂತಿರಲಿಲ್ಲ. ಮಾರಲೇಬೇಕಿತ್ತು. ಕೊಳ್ಳುವವನು ಜೊತೆಗೇ ಬಂದಿದ್ದ, ಮಂಠಾಳದ ದಿಲೀಪ. ಅವನ ಕಬ್ಬಿನ ಹೊಲಕ್ಕೆ ಹಂದಿಗಳ ಕಾಟ, ಕೈಯಲ್ಲಿ ಹೊಸ ಲೈಸೆನ್ಸ್. ಮಹೆಬೂಬ ಏನು ಬರೆದುಕೊಡುತ್ತಾನೋ ಅದೇ ದರ, ಚೌಕಾಸಿ ಇಲ್ಲ ಎಂದು ಇಬ್ಬರೂ ಮಾತಾಡಿಕೊಂಡು ಬಂದಿದ್ದರು. ಮಹೆಬೂಬ ಅಂದರೆ ನಾನು.

“ನಳಿಗಿ ಕಾರ್ಖಾನೀದು. ಆದರ ಕುಂದಾ ನಿಮ್ಮಪ್ಪ ಕೈಯಾರೆ ಮಾಡಿದ್ದು. ಬರೇ ಆ ಕಟ್ಟಿಗೀಗೇ ಮೂವತ್ತು ಸಾವಿರ ಬರಬೇಕು, ನೋಡು,” ಎಂದರು ಕಾಕಾ.

ರೈಫಲ್ಲಿನ ಚೀಲ ಬಿಚ್ಚಿದೆ. ಅಬ್ಬಾ ತೀರಿಕೊಂಡು ಹನ್ನೊಂದು ವರ್ಷ. ಕುಂದಾ ಎಂದರೆ ಭುಜಕ್ಕೆ ಆನಿಸುವ ಮರದ ಭಾಗ, ಅಬ್ಬಾ ಲಾಲ್ ಅಹ್ಮದ್ ಕೆತ್ತಿದ ಕುಂದಾಕ್ಕೆ ಆಗ ಹೆಸರಿತ್ತು. ಎಲ್ಲ ಊರೂರಿಗೆ ಹೋದವು, ನಮ್ಮ ಮನೆಯಲ್ಲಿ ಒಂದೂ ಉಳಿಯಲಿಲ್ಲ. ಇದು ಅಕ್ರೋಟ ಮರದ್ದು. ಹಿಡಿಯ ಹತ್ತಿರ ಕೈ ಜಾರದಂತೆ ಕೊರೆದ ಸಣ್ಣ ಗೆರೆಗಳಲ್ಲಿ ಒಂದೂ ಸೊಟ್ಟಗಿಲ್ಲ. ನನಗೆ ಹೆಮ್ಮೆ ಉಕ್ಕಿ ಬಂತು. ಹಾಗೆಂದು ಕೆಲಸ ಬಿಡುವಂತಿಲ್ಲ, ಕನ್ನಡಕ ಏರಿಸಿದೆ.

ನಳಿಗೆ ಸ್ವಚ್ಛ, ಬೋಲ್ಟ್ ಗಟ್ಟಿ. ಅವೆರಡಕ್ಕೆ ಅರವತ್ತು ಸಾವಿರ ಧಾರಾಳವಾಗಿ ಕೊಡಬಹುದಿತ್ತು. ಕುಂದಾಕ್ಕೆ ಅಬ್ಬಾ ಕಲಿಸಿದ ಪರೀಕ್ಷೆ ಬೇರೆ. ಕಣ್ಣು ಮುಚ್ಚಿ ರೈಫಲ್ ಭುಜಕ್ಕೇರಿಸಬೇಕು, ಆಮೇಲೆ ಕಣ್ಣು ತೆರೆಯಬೇಕು. ನಳಿಗೆಯ ಮೇಲೆ ಗುರಿ ನೋಡುವ ಹಿಂದಿನ ಕಚ್ಚೂ ಮುಂದಿನ ಮೊನೆಯೂ ಒಂದೇ ಸಾಲಿಗೆ ಕಂಡರೆ ಕುಂದಾ ಆ ಮೈಗೆ ಕೂತಿದೆ ಎಂದರ್ಥ. ನಾನು ಬಲಭುಜಕ್ಕೇರಿಸಿ ಕಣ್ಣು ತೆರೆದಾಗ ಎರಡೂ ದಿಕ್ಕಾಪಾಲು. ದಿಲೀಪನೂ ಹಿಡಿದು ನೋಡಿದ.

“ಇದೇನ್ರಿ ಭಾಯಿ, ಗುರಿ ಎತ್ತೆತ್ತಾಗೋ ಹೊಂಟದ!”

“ಕಾಕಾ ಎಡಚ ಅದಾರಪ್ಪ. ಅವರ ಎಡಭುಜಕ್ಕ ಬಾಗಿಸಿ ಮಾಡಿದ್ದು,” ಎಂದೆ.

ಹೇಳಿ ಮಾಡಿಸಿದ ವಸ್ತುವಿನ ಹಣೆಬರಹವೇ ಇಷ್ಟು. ಮಾಡಿಸಿಕೊಂಡವನಿಗೆ ಬಂಗಾರ, ಕೊಳ್ಳುವವನಿಗೆ ದಂಡ. ದಿಲೀಪ ಬೇರೆ ಕುಂದಾ ಹಾಕಿಸಲೇಬೇಕು, ಅದಕ್ಕೆ ಎಂಟು ಸಾವಿರ. ಹಳೆಯದಕ್ಕೆ ನ್ಯಾಯವಾದ ಬೆಲೆ ಸೊನ್ನೆ.

ಪೆನ್ನು ಹಿಡಿದು ಕೂತೆ, ಕೈ ಏಳಲಿಲ್ಲ. ಹತ್ತು ಸಾವಿರ ಎಂದು ಬರೆದರೂ ದಿಲೀಪ ತುಟಿ ಪಿಟಕ್ಕೆನ್ನುವಂತಿರಲಿಲ್ಲ, ಮಾತು ಕೊಟ್ಟಿದ್ದ. ಅಬ್ಬಾನ ಕೆಲಸಕ್ಕೆ ನನ್ನ ಕೈಯಿಂದಲೇ ಸೊನ್ನೆ ಹಾಕಬೇಕೇ?

“ನೀನೂ ಎಡಚನೇ ಅಲ್ಲೇನೋ? ಎಡಗಡೆ ಹಿಡಿದು ನೋಡು,” ಎಂದರು ಕಾಕಾ.

ನನಗೆ ಸಿಟ್ಟು ನೆತ್ತಿಗೇರಿತು. ಚಿಕ್ಕವನಿದ್ದಾಗ ಎಡಗೈಯಲ್ಲಿ ರೊಟ್ಟಿ ಮುರಿದಾಗೆಲ್ಲ ಅಬ್ಬಾ ಆ ಕೈಗೆ ಬಾರಿಸುತ್ತಿದ್ದರು. ಉಣ್ಣುವುದು, ಬರೆಯುವುದು ಎಲ್ಲವನ್ನೂ ಬಲಗೈಗೆ ತಂದುಕೊಂಡು ನಲವತ್ತು ವರ್ಷವಾಗಿತ್ತು.

“ಯಾರ್ ಹೇಳಿದ್ರು ನಿಮಗ?”

“ನಿಮ್ಮಪ್ಪನೇ. ಪದೇಪದೇ ಅಳತಿ ಕೊಡಾಕ ಬರಾಕ ಆಗಂಗಿಲ್ಲ ಅಂದಿದ್ದೆ. ‘ಚಿಂತಿ ಬ್ಯಾಡ್ರಿ, ನಿಮ್ಮಂಥದೇ ಮೈಕಟ್ಟಿನ ಎಡಚ ನಮ್ಮ ಮನ್ಯಾಗೇ ಅದಾನ, ಅವನ ಭುಜಕ್ಕ ಹಿಡಿದು ಕೆತ್ತತೀನಿ’ ಅಂದ್ರು.”

ಆಗ ನನಗೆ ಇಪ್ಪತ್ತು ವರ್ಷ. ಅಬ್ಬಾ ಅರ್ಧ ಕೆತ್ತಿದ ಕಟ್ಟಿಗೆಯನ್ನು ದಿನಾ ಸಂಜೆ ನನ್ನ ಕೈಗೆ ಕೊಟ್ಟು, ಬಲಕ್ಕೆ ಗೋಡೆ ಅಡ್ಡ ಬರುತ್ತದೆ, ಎಡಗಡೆ ಹಿಡಿ ಎನ್ನುತ್ತಿದ್ದರು. ನಾನು ನಂಬಿದ್ದೆ.

ಎದ್ದು ನಿಂತು ಕಣ್ಣು ಮುಚ್ಚಿ ಎಡಭುಜಕ್ಕೆ ಏರಿಸಿದೆ. ಕಣ್ಣು ತೆರೆದರೆ ಕಚ್ಚೂ ಮೊನೆಯೂ ಒಂದೇ ಸಾಲು, ಕೂದಲೆಳೆಯಷ್ಟೂ ಆಚೀಚೆ ಇರಲಿಲ್ಲ. ನನ್ನ ಎಡಗೈಗೆ ಹೊಡೆದ ಮನುಷ್ಯ ಅದನ್ನು ಮರೆತಿರಲೇ ಇಲ್ಲ. ಬಾಯಿಬಿಟ್ಟು ಹೇಳಲಾರದೆ ಅಕ್ರೋಟದಲ್ಲಿ ಕೆತ್ತಿಟ್ಟು ಹೋಗಿದ್ದರು. ಅಳು ಬಂತು. ಮಂಠಾಳದವನ ಮುಂದೆ ಅಳುವುದೇಕೆಂದು ಕನ್ನಡಕ ಒರೆಸುತ್ತ ಕೂತೆ.

ಆಮೇಲೆ ಬರೆದೆ. ನಳಿಗೆ, ಬೋಲ್ಟ್ ಅರವತ್ತು ಸಾವಿರ. ಬೇರೆ ಕುಂದಾದ ಖರ್ಚು ಎಂಟು ಕಳೆದು ಐವತ್ತೆರಡು. ಹಳೆಯ ಕುಂದಾ, ಸೊನ್ನೆ. ಗಟ್ಟಿಯಾಗಿ ಓದಿದೆ. ಕಾಕಾನ ಮುಖ ಸಣ್ಣದಾಯಿತು.

“ಸೊನ್ನಿ?”

“ಸೊನ್ನಿ ಕಾಕಾ. ಅಬ್ಬಾ ಇದ್ದಿದ್ರ ಅವರೂ ಇದನ್ನೇ ಬರೀತಿದ್ರು.”

ದಿಲೀಪ ಹಣ ಎಣಿಸಿಕೊಟ್ಟು, ಹಳೆಯ ಕುಂದಾ ತನಗೆ ಬೇಡ ಎಂದ. ನಾನು ಸ್ಕ್ರೂ ಬಿಚ್ಚಿ ನಳಿಗೆ ಬೇರೆ ಮಾಡಿ, ಕಟ್ಟಿಗೆಯನ್ನು ಕಾಕಾನ ಮಡಿಲಲ್ಲಿಟ್ಟೆ. ಅವರು ಅದರ ಬೆನ್ನು ಸವರಿದರು, ಬಹಳ ಹೊತ್ತು ಸವರಿದರು. ನನಗೆ ಕೊಡಿ ಎಂದು ಕೇಳುವ ಧೈರ್ಯವಾಗಲಿಲ್ಲ. ಕೊನೆಗೆ ಅವರೇ ಅದನ್ನು ಎಡಗೈಯಿಂದ ನನ್ನತ್ತ ಚಾಚಿದರು.

“ತಗೋ. ಸೊನ್ನಿ ಅಂತ ನೀನೇ ಬರದೀ, ರೊಕ್ಕ ಹ್ಯಾಂಗ ಕೇಳಲಿ?”

ಎಡಗೈಯಲ್ಲಿ ಇಸಿದುಕೊಳ್ಳುವುದು ನಮ್ಮ ಕಡೆ ಮರ್ಯಾದೆಯಲ್ಲ. ರೂಢಿಯಂತೆ ನನ್ನ ಬಲಗೈ ಮುಂದೆ ಹೋಯಿತು. ಅದನ್ನು ಹಿಂದಕ್ಕೆಳೆದುಕೊಂಡು ಎಡಗೈ ಚಾಚಿದೆ. ಯಾರೂ ಹೊಡೆಯಲಿಲ್ಲ.