ಗೀಝರಿಗೆ ಕಟ್ಟಿದ ಸೋಸುಬಟ್ಟೆ

ಹೆದ್ದಾರಿ ಅಗಲ ಮಾಡಲೆಂದು ಹತ್ತರಗಿಯ ಮಗ್ಗುಲಿನ ಮರಗಳನ್ನು ಕಡಿಯುತ್ತಿದ್ದ ವರ್ಷ ರಾಜಮತಿಯವರ ಬಚ್ಚಲಿಗೆ ಗ್ಯಾಸ್ ಗೀಝರ್ ಬಂತು. ತಂದವನು ಮಗ ನಿತಿನ. ಹೊಸ ಹೆಂಡತಿ ಮೇಘಾ ಹಂಡೆಯ ಒಲೆ ಊದಿ ಕಣ್ಣು ಕೆಂಪು ಮಾಡಿಕೊಳ್ಳುವುದು ಅವನಿಂದ ನೋಡಲಾಗಲಿಲ್ಲ. ಅದೇ ಒಲೆಯನ್ನು ತಾಯಿ ಅರ್ಧ ಆಯುಷ್ಯ ಊದಿದ್ದು ಅವನ ಕಣ್ಣಿಗೆ ಬಿದ್ದಿರಲಿಲ್ಲ. ಇರಲಿ, ಗಂಡುಮಕ್ಕಳ ಕಣ್ಣು ತೆರೆಯುವುದೇ ಮದುವೆಯಾದ ಮೇಲೆ.

ರಾಜಮತಿ ಸೋಸದ ನೀರು ಮುಟ್ಟುವವರಲ್ಲ, ಹೊತ್ತು ಮುಳುಗಿದ ಮೇಲೆ ತುತ್ತು ಎತ್ತುವವರಲ್ಲ. ಚಾತುರ್ಮಾಸದಲ್ಲಂತೂ ನೆಲ ನೋಡದೆ ಹೆಜ್ಜೆ ಇಡುತ್ತಿರಲಿಲ್ಲ. ಆ ಮಳೆಗಾಲದ ಒಂದು ಮುಂಜಾನೆ ಗೀಝರಿನ ಕೆಳಗೆ ಸುಟ್ಟ ಹುಳಗಳು ಉದುರಿದ್ದು ಕಂಡು ಅವರು ಬಗ್ಗಿ ಅದರ ತಳ ನೋಡಿದರು. ಉರಿಗೆ ಗಾಳಿ ಸಿಗಲೆಂದು ತಳದಲ್ಲಿ ಬಿಟ್ಟಿದ್ದ ಕಿಂಡಿಯಿಂದ ಅವು ಒಳಗೆ ಹೋಗುತ್ತಿದ್ದವು. ನೀರಿಗೆ ಬಟ್ಟೆ ಕಟ್ಟಿ ಸೋಸುವುದಾದರೆ ಗಾಳಿಗೇಕೆ ಕಟ್ಟಬಾರದು? ನೀರು ಸೋಸುವ ಬಟ್ಟೆಯನ್ನೇ ಮಡಚಿ ಕಿಂಡಿಗೆ ಬಿಗಿದರು. ಮರುದಿನ ಒಂದು ಹುಳವೂ ಸಾಯಲಿಲ್ಲ. ರಾಜಮತಿ ನೆಮ್ಮದಿಯಿಂದ ಬಸದಿಗೆ ಹೋಗಿ ಬಂದರು.

ಆದರೆ ಗೀಝರಿನ ನೀಲಿ ಉರಿ ಹಳದಿಗೆ ತಿರುಗಿತು, ಆಗಾಗ ತಾನಾಗಿಯೇ ಆರತೊಡಗಿತು. ಉರಿ ಹದ ತಪ್ಪಿದರೆ ಗ್ಯಾಸ್ ನಿಲ್ಲಿಸುವ ಸುರಕ್ಷೆಯ ಏರ್ಪಾಟು ಅದರಲ್ಲಿತ್ತು. ಅದರ ಮಾತು ಕೇಳುವಷ್ಟು ತಾಳ್ಮೆ ನಿತಿನನಿಗೆಲ್ಲಿ? ಮೈತುಂಬ ಸಾಬೂನು ಹಚ್ಚಿಕೊಂಡು ಒಂದು ದಿನ ತಣ್ಣೀರಲ್ಲಿ ನಿಂತದ್ದೇ ತಡ, ಆ ಏರ್ಪಾಟಿನ ಎರಡು ವೈರುಗಳನ್ನು ಒಂದಕ್ಕೊಂದು ಹೊಸೆದು ಅದರ ಬಾಯಿ ಮುಚ್ಚಿಸಿದ. ತಾಯಿ ಕಟ್ಟಿದ್ದು ಮಗನಿಗೆ ಗೊತ್ತಿಲ್ಲ, ಮಗ ಹೊಸೆದದ್ದು ತಾಯಿಗೆ ಗೊತ್ತಿಲ್ಲ. ಇಬ್ಬರೂ ತಂತಮ್ಮ ಜಾಣತನಕ್ಕೆ ಹಿಗ್ಗಿದರು.

ಅವತ್ತು ಜಿಟಿಜಿಟಿ ಮಳೆ. ಎರಚಲು ಬರುತ್ತದೆಂದು ಬಚ್ಚಲಿನ ಕಿಟಕಿ ಹಾಕಿಕೊಂಡು ಮೇಘಾ ಜಳಕಕ್ಕೆ ಹೋದಳು. ನೀರು ಬೀಳುವ ಸಪ್ಪಳ ನಿಲ್ಲಲೇ ಇಲ್ಲ. ಈಗಿನ ಹುಡುಗಿಯರಿಗೆ ನೀರಿನ ಬೆಲೆ ಗೊತ್ತಿಲ್ಲವೆಂದು ರಾಜಮತಿ ಗೊಣಗಿದರು, ಆಮೇಲೆ ಕೂಗಿದರು, ಬಾಗಿಲು ಬಡಿದರು. ಒಳಗಿನಿಂದ ಉತ್ತರವಿಲ್ಲ. ಮಗನನ್ನು ಕೂಗಿ ಕರೆದರು.

ನಿತಿನ ಓಡಿಬಂದು ಒದ್ದು ಬಾಗಿಲು ಮುರಿದ. ಮೇಘಾ ನೆಲದ ಮೇಲೆ ಬಿದ್ದಿದ್ದಳು, ನಲ್ಲಿಯ ಬಿಸಿನೀರು ಅವಳ ಕಾಲ ಮೇಲೆ ಹರಿಯುತ್ತಿತ್ತು. ಹೊಗೆಯಿಲ್ಲ, ವಾಸನೆಯಿಲ್ಲ, ಗಾಯವಿಲ್ಲ. ಸೀರೆ ಹೊದಿಸಿ ಅಂಗಳಕ್ಕೆ ಎತ್ತಿ ತರುವಾಗ ಅವಳ ತಲೆ ಜೋತಾಡಿತು.

ಹುಕ್ಕೇರಿಯ ದವಾಖಾನೆಯಲ್ಲಿ ಮೂಗಿಗೆ ಆಕ್ಸಿಜನ್ ಹಚ್ಚಿದರು. ಗಾಳಿ ಸಾಲದ ಉರಿ ವಿಷ ಉಗುಳುತ್ತದೆ, ಅದಕ್ಕೆ ಬಣ್ಣವೂ ಇಲ್ಲ ವಾಸನೆಯೂ ಇಲ್ಲ, ಇನ್ನೊಂದು ಗಳಿಗೆ ತಡವಾಗಿದ್ದರೆ ಹುಡುಗಿ ಉಳಿಯುತ್ತಿರಲಿಲ್ಲ ಎಂದರು ಡಾಕ್ಟರು. ನಿತಿನ ವೈರು ಹೊಸೆದದ್ದನ್ನು ಬಾಯಿಬಿಟ್ಟು ಗೋಡೆಗೆ ತಲೆಯಿಟ್ಟು ಅತ್ತ. ಬೀಗರೆಲ್ಲ ಅವನನ್ನೇ ಹಿಡಿದು ಬೈದರು. ತಾನು ಕಟ್ಟಿದ ಬಟ್ಟೆಯ ಸುದ್ದಿಯನ್ನು ರಾಜಮತಿ ಮಾತ್ರ ಎತ್ತಲಿಲ್ಲ. ಇರುವೆ ದಾಟುವುದಕ್ಕೆ ಕಾದು ನಿಲ್ಲುವ ತಾನು ಮನುಷ್ಯರನ್ನೇ ಕೊಲ್ಲಹೊರಟಿದ್ದೆನಲ್ಲ ಎಂಬುದನ್ನು ಅವರ ಮನಸ್ಸು ಒಪ್ಪುತ್ತಲೇ ಇರಲಿಲ್ಲ.

ಮಧ್ಯಾಹ್ನ ಇಳಿಯುವಾಗ ಮೇಘಾ ಕಣ್ಣು ಬಿಟ್ಟಳು. ನಿತಿನ ಔಷಧಿ ತರಲು ಹೋಗಿದ್ದ. ರಾಜಮತಿ ಮಂಚದ ಹತ್ತಿರ ಸರಿದರು.

“ಅವನೊಬ್ಬಂದ ತಪ್ಪಲ್ಲವ್ವಾ. ಗಾಳಿ ಕಿಂಡಿಗೆ ಅರಿವಿ ಕಟ್ಟಿದಾಕಿ ನಾನು.”

ಮೇಘಾ ಸೂರು ನೋಡುತ್ತ ಹೇಳಿದಳು.

“ಗೊತ್ತಿತ್ರಿ ಅತ್ತಿ. ದಿನಾ ನೋಡತಿದ್ದೆ. ಉರಿ ಹಳದಿ ಆದಾಗ ಬಿಚ್ಚೇಬಿಡೂಣು ಅನಿಸಿತ್ತು.”

“ಮತ್ತ ಯಾಕ ಬಿಚ್ಚಲಿಲ್ಲ?”

“ನನ್ನ ಕೈಯಾಗ ಇರುವಿ ಸತ್ತಾಗ ನೀವು ಎರಡ ದಿನ ಉಪಾಸ ಕುಂತ್ರಿ, ನನ್ನ ಜೋಡಿ ಮಾತ ಬಿಟ್ರಿ. ಬಿಚ್ಚಿ ಹುಳಾ ಸತ್ರ ಏನ ಮಾಡ್ತೀರೋ ಅಂತ ಅಂಜಿಕಿ ಬಂತ್ರಿ.”

ರಾಜಮತಿ ಜೀವಮಾನದಲ್ಲಿ ಯಾರ ಮೇಲೂ ಕೈ ಎತ್ತಿದವರಲ್ಲ. ಸೊಸೆಯ ಹಣೆ ಸವರಲು ಕೈ ಚಾಚಿದರು.

ಮೇಘಾ ಏಟು ತಪ್ಪಿಸಿಕೊಳ್ಳುವವಳಂತೆ ಕಣ್ಣು ಬಿಗಿಯಾಗಿ ಮುಚ್ಚಿ ಮುಖ ಆಚೆ ತಿರುಗಿಸಿದಳು.