ಗುಟ್ಟಿನ ಪ್ರಶ್ನೆ

ಪಾಸ್‌ವರ್ಡ್ ಕಳೆದದ್ದು ನನ್ನ ತಪ್ಪಲ್ಲ. ಅದನ್ನು ಬಿ.ಎಸ್ಸಿ. ನೋಟ್ ಬುಕ್ಕಿನ ಕೊನೆಯ ಹಾಳೆಯಲ್ಲಿ ನೀಟಾಗಿ ಬರೆದಿಟ್ಟಿದ್ದೆ. ನಮ್ಮಜ್ಜಿ ಆ ಬುಕ್ಕನ್ನು ಸೈಕಲ್ಲಿನಲ್ಲಿ ಬರುವ ಹಳೇ ಪೇಪರಿನವನ ತಕ್ಕಡಿಗೆ ಹಾಕಿ, ಅದರ ತೂಕಕ್ಕೆ ಬೆಳ್ಳುಳ್ಳಿ ತೆಗೆದುಕೊಂಡಿದ್ದಳು. "ಓದಾದು ಮುಗೀತಲ್ಲ, ಇನ್ಯಾಕೆ ಬುಕ್ಕು?" ಅಂದಳು. ಆ ಬೆಳ್ಳುಳ್ಳಿ ಒಗ್ಗರಣೆಯ ಸಾರನ್ನು ಏನೂ ತಿಳಿಯದೆ ನಾನೂ ಎರಡು ಸಲ ಹಾಕಿಸಿಕೊಂಡು ಉಂಡಿದ್ದೆ.

ಹೀಗಾಗಿ 2006ರ ಜೂನಿನ ಆ ಸೋಮವಾರ ಮಧ್ಯಾಹ್ನ ಚನ್ನರಾಯಪಟ್ಟಣದ ಬಸ್ ಸ್ಟ್ಯಾಂಡ್ ಎದುರು, ಕೇದಾರ್ ಅವರ ಸೈಬರ್ ಸೆಂಟರಿನಲ್ಲಿ ಬೆವರುತ್ತಾ ಕೂತಿದ್ದೆ. ಮೈಸೂರಿನ ಔಷಧಿ ಕಂಪನಿಯೊಂದರ ಲ್ಯಾಬಿನ ಕೆಲಸಕ್ಕೆ ಇಂಟರ್‌ವ್ಯೂ ಕೊಟ್ಟು ಬಂದು ತಿಂಗಳಾಗಿತ್ತು. ನನ್ನ ಜೊತೆ ಬಂದಿದ್ದ ಗೆಳತಿ ಇಂಚರ ಬೆಳಿಗ್ಗೆ ಫೋನ್ ಮಾಡಿ, "ಇಬ್ರಿಗೂ ಸಿಕ್ಕಿದೆ ಕಣೇ ಮೇಘಶ್ರೀ. ಮೇಲ್ ನೋಡು. ಇವತ್ತು ಸಂಜೆ ಐದರೊಳಗೆ ಒಪ್ಪಿಗೆ ಅಂತ ಉತ್ತರ ಕಳಿಸ್ಬೇಕು, ಇಲ್ದಿದ್ರೆ ಮುಂದಿನೋರಿಗೆ ಕೊಡ್ತಾರಂತೆ" ಎಂದಿದ್ದಳು. ಕಂಪನಿಗೇ ಫೋನ್ ಮಾಡಿ ನೋಡಿದೆ. ಅರ್ಜಿಯಲ್ಲಿ ಕೊಟ್ಟ ಮೇಲ್ ಐಡಿಯಿಂದಲೇ ಉತ್ತರ ಬರಬೇಕು, ಬಾಯಿಮಾತು ನಡೆಯುವುದಿಲ್ಲ ಎಂದು ಅಲ್ಲಿಯ ಹೆಂಗಸು ಫೋನ್ ಇಟ್ಟುಬಿಟ್ಟಳು. ನಾನೇ ನಾನು ಎಂದು ನಾನು ಹೇಳಿದರೆ ಸಾಲದು, ಕಂಪ್ಯೂಟರ್ ಹೇಳಬೇಕಂತೆ.

ಅಪ್ಪ ಒಂದು ಮಾತು ಕೊಟ್ಟಿದ್ದ. ಕೆಲಸದ ಕಾಗದ ಕೈಗೆ ಬಂದರೆ ಮದುವೆ ಒಂದು ವರ್ಷ ಮುಂದಕ್ಕೆ. ಬರದಿದ್ದರೆ ಈ ಗುರುವಾರವೇ ಅರಕಲಗೂಡಿನ ಗಂಡಿನ ಕಡೆಯವರು ಬಂದು ಎಲೆಅಡಿಕೆ ಬದಲಾಯಿಸುತ್ತಾರೆ. ಹೆಣ್ಣು ನೋಡಲು ಬಂದ ದಿನ ಆ ಗಂಡು ಆಡಿದ್ದು ಒಂದೇ ಮಾತು: "ಕೆಲ್ಸಗಿಲ್ಸ ಏನೂ ಬ್ಯಾಡ." ಆಮೇಲೆ ಉಪ್ಪಿಟ್ಟು ತಿಂದ.

ನೆನಪಿದ್ದ ಪಾಸ್‌ವರ್ಡನ್ನೆಲ್ಲ ಒತ್ತಿದೆ. ಪ್ರತಿ ಸಲವೂ ತಪ್ಪು ಎಂದು ಕೆಂಪಕ್ಷರ. ಆಮೇಲೆ ಸೊಟ್ಟಸೊಟ್ಟ ಅಕ್ಷರಗಳ ಒಂದು ಚಿತ್ರ ತೋರಿಸಿ, ಇದನ್ನು ಓದಿ ನೀನು ಮನುಷ್ಯಳೆಂದು ಸಾಬೀತು ಮಾಡು ಎಂದಿತು. ಮೂರು ಸಲ ನಾನು ಮನುಷ್ಯಳೇ ಆಗಲಿಲ್ಲ. ನಾಲ್ಕನೆಯ ಸಲ ಒಪ್ಪಿಕೊಂಡು, ಗುಟ್ಟಿನ ಪ್ರಶ್ನೆಯನ್ನು ಮುಂದಿಟ್ಟಿತು: ನಿನ್ನ ತಾಯಿಯ ಮದುವೆಗೆ ಮುಂಚಿನ ಹೆಸರೇನು?

ಈ ಪ್ರಶ್ನೆ ಬಂದದ್ದು ಹೇಗೆಂದು ನೆನಪಿತ್ತು. ಎರಡು ವರ್ಷದ ಹಿಂದೆ ಇದೇ ಅಂಗಡಿಯಲ್ಲಿ ಐಡಿ ಮಾಡಿಸುವಾಗ ಅವ್ವ ಜೊತೆಗಿದ್ದಳು. ಕೇದಾರ್ ಪ್ರಶ್ನೆಯನ್ನು ಕನ್ನಡದಲ್ಲಿ ಹೇಳಿದಾಗ, ಏಳನೇ ಕ್ಲಾಸು ಓದಿದ ಅವ್ವ ಕೀಬೋರ್ಡನ್ನು ತನ್ನತ್ತ ಎಳೆದುಕೊಂಡು, "ಇಬ್ರೂ ಆ ಕಡೆ ತಿರಿಕಳಿ" ಎಂದಳು. ಒಂದೇ ಬೆರಳಿನಲ್ಲಿ ಅಕ್ಷರ ಹುಡುಕಿ ಹುಡುಕಿ ಒತ್ತಿದಳು. ನಾನು ಏನು ಎಂದು ಕೇಳಲೂ ಇಲ್ಲ. ಆಗ ನನಗೆ ಐಡಿ ಸಿಕ್ಕಿದ ಖುಷಿ.

ಅವ್ವನ ಹೆಸರು ನಂಜಮ್ಮ. ಒತ್ತಿದೆ. ತಪ್ಪು. ಅವಳ ತವರು ದೊಡ್ಡಗದ್ದವಳ್ಳಿಯಲ್ಲಿ ಎಲ್ಲರೂ ಅವಳನ್ನು ಪುಟ್ಟಿ ಎನ್ನುತ್ತಾರೆ. ಒತ್ತಿದೆ. ಅದೂ ತಪ್ಪು.

"ನಿಲ್ಲಿಸ್ರಿ" ಎಂದು ಕೇದಾರ್ ಓಡಿ ಬಂದರು. "ಇನ್ನೊಂದೇ ಸಲ ಬಿಡೋದು. ತಪ್ಪಿದ್ರೆ ನಾಳೆ ಇಷ್ಟು ಹೊತ್ತಿನವರೆಗೂ ಲಾಕು. ಮನೆಗೆ ಫೋನ್ ಮಾಡಿ ನಿಮ್ಮ ತಾಯೀನೇ ಕೇಳಿ."

ಗಂಟೆ ನಾಲ್ಕೂಮುಕ್ಕಾಲಿಗೆ ಐದು ನಿಮಿಷ ಇತ್ತು. ಅಂಗಡಿಯ ಬಾಗಿಲಲ್ಲಿದ್ದ ಒಂದು ರೂಪಾಯಿ ಫೋನಿಗೆ ನಾಣ್ಯ ಹಾಕಿ ನಮ್ಮೂರು ನುಗ್ಗೇಹಳ್ಳಿಗೆ ಫೋನ್ ಮಾಡಿದೆ. ನಮ್ಮ ಮನೆಯ ಫೋನು ಇರುವುದು ನಡುಮನೆಯಲ್ಲಿ, ಅಜ್ಜಿ ಕೂರುವ ಮಣೆಯ ಪಕ್ಕದಲ್ಲೇ. ಪುಣ್ಯಕ್ಕೆ ಅವ್ವನೇ ಎತ್ತಿದಳು.

"ಅವ್ವ, ಅವತ್ತು ಸೈಬರಲ್ಲಿ ಒತ್ತಿದ್ಯಲ್ಲ, ಮದ್ವೆಗೆ ಮುಂಚಿನ ಎಸ್ರು, ಅದೇನು ಏಳು."

"ಅದ್ಯಾಕೆ ಈಗ?"

"ಅದಿಲ್ದೆ ಮೇಲ್ ತೆಗಿಯಾಕಾಯ್ತಿಲ್ಲ. ಐದು ಗಂಟೆಗೆ ಮುಗ್ದೋಯ್ತದೆ."

"ನಿಮ್ಮಜ್ಜಿ ಇಲ್ಲೇ ಕುಂತವ್ರೆ ಕಣೆ." ಅವಳ ದನಿ ಬಾವಿಯೊಳಗಿಂದ ಬಂದ ಹಾಗಿತ್ತು.

"ಕುಂತಿರ್ಲಿ. ಎಸ್ರು ಏಳಾಕೇನು?"

"ಇವ್ರ ಮುಂದೆ ಏಳಾಂಗಿಲ್ಲ. ಇವ್ರು ಎದ್ದೋದ್ಮೇಲೆ ನಾನೇ ಮಾಡ್ಲಾ?"

ಅಜ್ಜಿಗೆ ಮಂಡಿನೋವು. ಒಮ್ಮೆ ಕೂತರೆ ದೀಪ ಹಚ್ಚುವವರೆಗೆ ಏಳುವವಳಲ್ಲ. ನನಗೆ ಎಲ್ಲಿತ್ತೋ ಸಿಟ್ಟು ಬಂತು. "ಬ್ಯಾಡ ಬುಡವ್ವ. ಗುರ್ವಾರ ಎಲೆಅಡಿಕೆ ಇಸ್ಕಳಿ. ನಾನೂ ನಿನ್ನಂಗೆ ಬಾಯಿ ಮುಚ್ಕಂಡು ಒಂದು ಮೂಲೇಲಿ ಬಿದ್ದಿರ್ತೀನಿ."

ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ. ಆಡಿದ ಮಾತು ಆಡಿ ಆಗಿತ್ತು. ಫೋನು ಇನ್ನೊಂದು ನಾಣ್ಯ ಕೇಳಿ ಕುಂಯ್‌ಗುಟ್ಟತೊಡಗಿತು, ನನ್ನ ಕೈಯಲ್ಲಿ ಇರಲಿಲ್ಲ.

"ರೇವಮ್ಮ" ಎಂದಳು ಅವ್ವ, ಜೋರಾಗಿ.

ಅದು ನಮ್ಮಜ್ಜಿಯ ಹೆಸರು. ಅವ್ವನಿಗೆ ತಲೆ ಕೆಟ್ಟಿತೆಂದೇ ಅಂದುಕೊಂಡೆ. ಅತ್ತೆಯ ಹೆಸರನ್ನು ಯಾವ ಸೊಸೆ ಬಾಯಲ್ಲಿ ಆಡುತ್ತಾಳೆ? ಹಿಂದಿನಿಂದ ಅಜ್ಜಿಯ ದನಿ ಬಂತು. "ಏನಂದೆ? ನನ್ನೆಸ್ರಿಡಿದು ಕೂಗಾವಷ್ಟಾಯ್ತಾ ನಿಂಗೆ?"

"ನಿಮ್ಮನ್ನ ಕೂಗ್ಲಿಲ್ಲ ಅತ್ತೆ. ನನ್ನೆಸ್ರು ಏಳ್ದೆ. ನಮ್ಮಪ್ಪ ಇಕ್ಕಿದ್ದು."

ಫೋನು ಕಡಿದುಹೋಯಿತು.

ಅತ್ತೆಗೂ ಸೊಸೆಗೂ ಒಂದೇ ಹೆಸರಾದರೆ ಧಾರೆಯ ಹೊತ್ತಿಗೆ ಸೊಸೆಯ ಹೆಸರು ಬದಲಾಯಿಸುವುದು ನಮ್ಮ ಕಡೆ ಇದ್ದದ್ದೇ. ಇಲ್ಲದಿದ್ದರೆ ಸೊಸೆಯನ್ನು ಬೈದಾಗಲೆಲ್ಲ ಬೈಗುಳ ಅತ್ತೆಯ ಹೆಸರಿಗೂ ತಗಲುತ್ತದಲ್ಲ. ಮನೆದೇವರು ನಂಜುಂಡೇಶ್ವರನ ಹೆಸರಿನಲ್ಲಿ ನಂಜಮ್ಮ ಮಾಡಿ ಅವ್ವನನ್ನು ಒಳಗೆ ಕರೆದುಕೊಂಡಿದ್ದರು. ಇಪ್ಪತ್ತೆರಡು ವರ್ಷ ಅವಳ ಕೈಯಲ್ಲಿ ಉಂಡು, ನಾನು ಅವಳನ್ನು ಇದೊಂದು ಮಾತು ಕೇಳಿರಲಿಲ್ಲ. ಕೀಬೋರ್ಡಿನ ಮುಂದೆ ಕೂತಾಗ ಅಳು ಬಂತು. ಅಳುತ್ತಲೇ ಒತ್ತಿದೆ.

ತೆರೆದುಕೊಂಡಿತು. ಐದಕ್ಕೆ ಎಂಟು ನಿಮಿಷ ಇರುವಾಗ ಒಪ್ಪಿಗೆ ಕಳಿಸಿದೆ. ಕೆಲಸದ ಕಾಗದದ ಪ್ರಿಂಟು ತೆಗೆಸಿ ಮಡಚಿ ಬ್ಯಾಗಿಗೆ ಹಾಕಿಕೊಂಡೆ.

"ಈಗ ಆ ಪ್ರಶ್ನೆ ಉತ್ತರಾನೂ ಬದಲಾಯ್ಸಿಬಿಡಿ" ಎಂದರು ಕೇದಾರ್. "ಗುಟ್ಟು ನಾಲ್ಕು ಜನರ ಕಿವಿಗೆ ಬಿದ್ಮೇಲೆ ಇಟ್ಕೊಂಡೇನು ಪ್ರಯೋಜನ?"

ಚಿಲ್ಲರೆ ಇಸಿದುಕೊಂಡು ಮನೆಗೆ ಮತ್ತೆ ಫೋನ್ ಮಾಡಿದೆ. ಅವ್ವ ಎತ್ತಿದಳು. ಹಿಂದೆ ಅಜ್ಜಿ ಸೊಸೆಯ ತವರಿನವರನ್ನೆಲ್ಲ ಹಿಡಿದು ಬೈಯುತ್ತಿದ್ದಳು. ಈ ಬೈಗುಳ ಇನ್ನೆಷ್ಟು ದಿನ ನಡೆಯುತ್ತದೋ, ಅದನ್ನು ಕೇಳಲು ಆ ಮನೆಯಲ್ಲಿ ಅವ್ವ ಒಬ್ಬಳೇ ಇರುತ್ತಾಳೆ.

"ಆಯ್ತಾ?" ಎಂದಳು.

"ಆಯ್ತವ್ವ. ಸಿಕ್ತು. ಆ ಎಸ್ರು ತೆಗ್ದು ಬ್ಯಾರೆ ಆಕು ಅಂತಾವ್ರೆ ಇಲ್ಲಿ. ಏನಾಕ್ಲಿ?"

ಅವ್ವ ಸೆರಗಿನಲ್ಲಿ ಮೂಗು ಸೀಟಿಕೊಂಡದ್ದು ಕೇಳಿಸಿತು.

"ತೆಗೀಬ್ಯಾಡ ಕಣೆ" ಎಂದಳು. "ಅಲ್ಲಾದ್ರೂ ಇರ್ಲಿ ಬುಡು."