ಹಸಿರು ಉಗುರಿನ ಕಲಾವತಿ

ಕಲಾವತಿಯವರ ಬಲಗೈ ಹೆಬ್ಬೆರಳಿನ ಉಗುರಿನೊಳಗೆ ಸದಾ ಒಂದು ಹಸಿರು ಗೆರೆ ಇರುತ್ತದೆ. ಮದುವೆಮನೆಯಲ್ಲಿ ರೇಷ್ಮೆ ಸೀರೆಯುಟ್ಟು ಅಕ್ಷತೆ ಹಾಕುವಾಗಲೂ ಅದು ಹೋಗಿರುವುದಿಲ್ಲ. ದಾರಿಯಲ್ಲಿ ಸಿಕ್ಕ ಯಾವ ಮರವನ್ನೂ ಆಕೆ ಸುಮ್ಮನೆ ದಾಟಿ ಹೋದವರಲ್ಲ. ಬಸ್ಸಿಗೆ ಕಾಯುತ್ತಲೇ ಪಕ್ಕದ ಹೊಂಗೆಯ ಎಳೆ ಕೊಂಬೆಯನ್ನು ಬಗ್ಗಿಸಿ, ತೊಗಟೆಯನ್ನು ಉಗುರಿನಿಂದ ಒಂದಿಷ್ಟು ಕೆರೆದು, ಕನ್ನಡಕವನ್ನು ಹಣೆಗೇರಿಸಿ ನೋಡಿ, ಅಡಿಯಲ್ಲಿ ಹಸಿರು ಕಂಡರೆ “ಸದ್ಯ, ಇದೆ” ಎಂದು ಉಸಿರು ಬಿಡುತ್ತಾರೆ. ತೊಗಟೆಯಡಿ ಹಸಿರಿದ್ದರೆ ಜೀವವಿದೆ, ಕಂದಿದ್ದರೆ ಇಲ್ಲ. ಗಿಡ ಬೆಳೆಸುವವರೆಲ್ಲ ಬಲ್ಲ ಪರೀಕ್ಷೆ ಇದು. ಆದರೆ ಆ ಹೊಂಗೆ ಮೈತುಂಬ ಎಲೆ ಹೊತ್ತು ಬಸ್‌ಸ್ಟಾಪಿಗೆಲ್ಲ ನೆರಳು ಕೊಡುತ್ತಿರುವ ಮರ! ಅದಕ್ಕೂ ಜೀವವಿದೆಯೇ ಎಂದು ಅನುಮಾನಪಡುವವರು ಮದರಾಸಿನ ಇಡೀ ಮೈಲಾಪೂರಿನಲ್ಲಿ ಇವರೊಬ್ಬರೇ ಇರಬೇಕು.

ಐವತ್ತು ದಾಟಿದ ಸಣಕಲು ಹೆಂಗಸು. ಸೀರೆಯ ಮೇಲೆ ಲ್ಯಾಬಿನವರು ತೊಡುವ ಬಿಳಿ ಕೋಟು, ಅದರ ಒಂದು ಜೇಬಿನಲ್ಲಿ ಗಿಡ ಸವರುವ ಕತ್ತರಿ, ಇನ್ನೊಂದರಲ್ಲಿ ಬೇವಿನ ಹಿಂಡಿಯ ಪುಡಿ. ನಡೆಯುವಾಗ ಇದ್ದಕ್ಕಿದ್ದಂತೆ ನಿಂತು, ಏನನ್ನೋ ಒಲೆಯ ಮೇಲಿಟ್ಟು ಬಂದವರಂತೆ ಹಿಂತಿರುಗಿ ನೋಡಿ, ಮತ್ತೆ ಹೆಜ್ಜೆ ಹಾಕುತ್ತಾರೆ. ಮಾತು ಯಾವುದೇ ಇರಲಿ, ಶುರುವಾಗುವುದು “ಏನಿಲ್ಲ ಸಾರ್, ಒಂದು ಡೌಟು” ಎಂದೇ. ರೈಲ್ವೆ ಗಾರ್ಡ್ ಆಗಿದ್ದ ಅವರ ತಂದೆ ಚಾಮರಾಜನಗರದ ಕಡೆಯವರು. ಮಗಳು ಹುಟ್ಟಿದ್ದು, ಓದಿದ್ದು ಮದರಾಸಿನಲ್ಲೇ. ಹಾಗಾಗಿ ಅವರ ಕನ್ನಡದಲ್ಲಿ ತಮಿಳು ಯಾವಾಗ ಒಳಹೊಕ್ಕಿತೆಂದು ಅವರಿಗೂ ತಿಳಿಯದು.

ಈ ಅನುಮಾನ ಅವರನ್ನು ಒಂದು ಕೆಲಸದಲ್ಲೂ ನೆಲೆ ನಿಲ್ಲಗೊಡಲಿಲ್ಲ. ಮೊದಲು ಪುರಸೈವಾಕ್ಕಂನ ಸೀರೆ ಅಂಗಡಿ. ಗಿರಾಕಿ ಒಪ್ಪಿದ ಸೀರೆಯನ್ನು ಪೊಟ್ಟಣ ಕಟ್ಟುವ ಮುನ್ನ ಇವರು ಮತ್ತೊಮ್ಮೆ ಪೂರ್ತಿ ಬಿಚ್ಚಿ, ಬೆಳಕಿಗೆ ಹಿಡಿದು, “ಇಲ್ಲೊಂದು ಎಳೆ ಸಡಿಲವಾ?” ಎಂದು ಗಿರಾಕಿಯನ್ನೇ ಕೇಳುತ್ತಿದ್ದರಂತೆ. ಇಂಥವರನ್ನು ಯಾವ ಯಜಮಾನ ಇಟ್ಟುಕೊಂಡಾನು! ಆಮೇಲೆ ಕೀಲ್ಪಾಕಿನ ಒಂದು ಚಿಕ್ಕ ಲ್ಯಾಬು. ಅಲ್ಲಿ ಒಂದು ಸಲ ಮಾಡಿದ ರಕ್ತಪರೀಕ್ಷೆಯನ್ನು ಮನಸ್ಸೊಪ್ಪದೆ ಇನ್ನೊಮ್ಮೆ ಮಾಡುವರು. ಹೊರಗೆ ಕಾದು ಕೂತವರು ಗಲಾಟೆ ಎಬ್ಬಿಸುವರು. ಅಲ್ಲಿಂದ ಉಳಿದು ಬಂದದ್ದು ಆ ಕೋಟು. ಉಡುಪಿಯವರ ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಅವರು ಎಷ್ಟು ದಿನ ಕೂತಿದ್ದಾರು ಎಂಬುದನ್ನು ಓದುಗರೇ ಊಹಿಸಿಕೊಳ್ಳಬಹುದು. ಕೊನೆಗೆ ಊರಾಚೆಯ ಒಂದು ನರ್ಸರಿಯಲ್ಲಿ ಬಿಲ್ಲು ಬರೆಯಲು ಸೇರಿ, ಕೊಳ್ಳಲು ಬಂದವರಿಗೆ “ನಿಮ್ಮ ಬಾಲ್ಕನಿಗೆ ಬಿಸಿಲೇ ಇಲ್ಲವಂತೆ, ಪಾಪ, ಈ ಗುಲಾಬಿ ಯಾಕೆ ಒಯ್ಯುತ್ತೀರ?” ಎನ್ನತೊಡಗಿದಾಗ, ಆ ನರ್ಸರಿಯ ಮುದುಕ ಯಜಮಾನ ಬೈಯಲಿಲ್ಲ, ಬಿಲ್ಲಿನ ಮೇಜಿನಿಂದ ಎಬ್ಬಿಸಿ ಸಸಿಗಳ ನಡುವೆ ಬಿಟ್ಟ. ಸಸಿಗಳು ಇವರ ಕಾಳಜಿಗೆ ಬೇಸರಪಡಲಿಲ್ಲ. ನಲವತ್ತರ ಮೇಲೆ ಅಂಚೆಯ ಮೂಲಕ ತೋಟಗಾರಿಕೆಯ ಡಿಪ್ಲೊಮಾ ಓದಿ ಪಾಸಾದ ಇವರಿಗೆ ಅಂಕಪಟ್ಟಿಯ ಮೇಲೂ ಡೌಟು ಬಂದು, ಮರುಎಣಿಕೆಗೆ ಹಾಕಿದರೆಂದು ಮಗಳು ಪ್ರಣಮ್ಯಾ ನಗುತ್ತಾಳೆ.

ನನಗೆ ಅವರ ಪರಿಚಯವಾದದ್ದು ಈ ವರ್ಷ ಪೊಂಗಲ್ ಕಳೆದ ಮೇಲೆ. ನಮ್ಮ ಫ್ಲ್ಯಾಟಿನ ಪಕ್ಕದ ಹಳೆಯ ಬಂಗಲೆಯನ್ನು ಕೆಡವಿ ಅಪಾರ್ಟ್‌ಮೆಂಟು ಕಟ್ಟಲು ಹೊರಟಿದ್ದರು. ಅಂಗಳದ ನಡುವೆ ಇದ್ದ ನಾಗಲಿಂಗದ ಮರವನ್ನು ಕಡಿಯಲು ಕೇರಿಯವರು ಬಿಡಲಿಲ್ಲ. ಬೇರಿನ ಮಣ್ಣುಗಡ್ಡೆ ಸಮೇತ ಕ್ರೇನಿನಿಂದೆತ್ತಿ ಹಿಂದಿನ ಮೂಲೆಗೆ, ನನ್ನ ಬಾಲ್ಕನಿಯ ಎದುರಿಗೇ, ತಂದು ನೆಟ್ಟರು. ಆ ಕೆಲಸ ವಹಿಸಿಕೊಂಡವರು ಕಲಾವತಿ. ಮರ ಬೇರು ಹಿಡಿದುಕೊಂಡರೆ ಅಪಾರ್ಟ್‌ಮೆಂಟು ಕಟ್ಟುವ ಕಂಪನಿಯ ಎಲ್ಲ ಕಟ್ಟಡಗಳ ತೋಟದ ಹೊಣೆಯೂ ಅವರಿಗೇ ಎಂದು ಮಾತಾಗಿತ್ತು. ಜೀವಮಾನದಲ್ಲಿ ಮೊದಲ ಸಲ ಖಾಯಂ ಕೆಲಸ.

ಕೊಂಬೆ ಕತ್ತರಿಸಿ, ಗೋಣಿ ಸುತ್ತಿ ನಿಲ್ಲಿಸಿದ ಆ ಬೋಳು ಕಾಂಡದ ಮುಂದೆ ಅವರು ದಿನವೂ ನಿಂತು “ಏನಮ್ಮಾ, ಏನಾದರೂ ಹೇಳು, ಹೀಗೆ ಸುಮ್ಮನಿದ್ದರೆ ನಾನೇನು ಮಾಡಲಿ?” ಎಂದು ಕನ್ನಡದಲ್ಲಿ ಗೋಗರೆಯುವುದು ಕೇಳಿಯೇ ನಾನು ಮೇಲಿನಿಂದ ಕಾಫಿಗೆ ಕರೆದದ್ದು. ಕಾಫಿ ಆರಿ ತಣ್ಣಗಾದರೂ ಅವರ ಕಣ್ಣು ಕಿಟಕಿಯಾಚೆಯೇ ಇತ್ತು.

ಏಪ್ರಿಲ್ ನಡುವೆ, ತಮಿಳರ ಪಂಗುಣಿ ತಿಂಗಳು ಮುಗಿಯುವ ಹೊತ್ತಿಗೆ ಕಾಂಡದ ತುದಿಯಲ್ಲಿ ತಾಮ್ರದ ಬಣ್ಣದ ಚಿಗುರೊಡೆದು, ವಾರದಲ್ಲಿ ಹಸಿರಾಯಿತು. ಕೇರಿಯ ಹೆಂಗಸರು ಬಂದು ಕುಂಕುಮವಿಟ್ಟರು. ಕಟ್ಟಡದ ಇಂಜಿನಿಯರ್ ವಿಘ್ನೇಶ್ ಒಪ್ಪಂದದ ಕಾಗದವನ್ನೇ ಹಿಡಿದು ಬಂದ. ಜೊತೆಗೇ, ಮರದಿಂದ ಎರಡು ಮಾರು ದೂರದಲ್ಲಿ ನೀರಿನ ಸಂಪ್ ಕಟ್ಟಲೆಂದು ಗುಂಡಿ ತೋಡಲು ಸುಣ್ಣದ ಗೆರೆ ಎಳೆಸಿದ.

“ಏನಿಲ್ಲ ಸಾರ್, ಒಂದು ಡೌಟು,” ಎಂದರು ಕಲಾವತಿ. “ಇದು ಚುಮ್ಮಾ ಎಲೆ, ಬರೀ ತೋರಿಕೆ. ಕಾಂಡದಲ್ಲಿ ಮೊದಲೇ ಕೂಡಿಟ್ಟ ರಸ ತಿಂದು ಬಂದಿರೋದು. ಬೇರು ಹಿಡಿದಿದೆ ಅಂತ ಯಾರು ಹೇಳಿದ್ದು? ಹಿಡಿದರೆ ಈ ಕಡೆಯಿಂದಲೇ ಹಿಡೀಬೇಕು. ಇಲ್ಲಿ ತೋಡಬೇಡಿ.”

“ಎಲೆ ವಂದಾಚ್ಚು ಮೇಡಂ, ಅಪ್ಪುರಂ ಎನ್ನ?” ಎಂದ ವಿಘ್ನೇಶ್. ಎಲೆ ಬಂದ ಮೇಲೆ ಇನ್ನೇನು ಎಂಬ ಅವನ ಪ್ರಶ್ನೆ ನನಗೂ ಸರಿಯೆನಿಸಿತು. ಸಹಿ ಹಾಕಿ ಬಾಯಿ ಮುಚ್ಚಿಕೊಂಡಿದ್ದರೆ ಮುಗಿಯುತ್ತಿತ್ತು. ನಿಜ ಹೇಳಬೇಕೆಂದರೆ, ಬಾಲ್ಕನಿಯಲ್ಲಿ ನಿಂತು ನಾನು ಹಲ್ಲು ಕಡಿದೆ. ಮಾರನೆಯ ಬೆಳಿಗ್ಗೆ ಗುಂಡಿ ತೋಡುವ ಯಂತ್ರ ಬರುವಷ್ಟರಲ್ಲಿ ಕಲಾವತಿ ಸುಣ್ಣದ ಗೆರೆಯ ಮೇಲೆ ಸ್ಟೂಲು ಹಾಕಿಕೊಂಡು ಕೂತಿದ್ದರು. ಜೇಬಿನ ಕತ್ತರಿಯನ್ನು ತೆಗೆಯುವುದು, ಮತ್ತೆ ಒಳಗಿಡುವುದು ಮಾಡುತ್ತಿದ್ದರು, ಕೋಟಿನ ಬೆನ್ನು ಬೆವರಿನಿಂದ ಒದ್ದೆಯಾಗಿತ್ತು. ಆದರೆ ಮಧ್ಯಾಹ್ನದವರೆಗೂ ಅವರು ಏಳಲಿಲ್ಲ. ಎಂಥ ಕೆಲಸ ಬಿಡುವಾಗಲೂ ಎದುರು ಮಾತಾಡದೆ ಎದ್ದು ಹೋಗುತ್ತಿದ್ದ ಹೆಂಗಸು! ವಿಘ್ನೇಶ್ ಯಾರಿಗೋ ಫೋನು ಮಾಡಿ, ಸಂಪನ್ನು ಮುಂಭಾಗಕ್ಕೆ ಸರಿಸಿ, ಕಾಗದವನ್ನು ಮಡಚಿ ಹೊರಟುಹೋದ. ತೋಟಗಳ ಕೆಲಸ ಬೇರೆಯವರ ಪಾಲಾಯಿತು. ಮಳೆಗಾಲದವರೆಗೆ ಈ ಒಂದು ಮರ ನೋಡಿಕೊಳ್ಳುವುದಷ್ಟೇ ಇವರಿಗೆ ಉಳಿಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಆಮೇಲೆ ಮೇ ತಿಂಗಳ ಕತ್ತಿರಿ ಬಿಸಿಲು ಶುರುವಾಯಿತು, ಮದರಾಸಿನ ಕಾಗೆಯೂ ಬಾಯಿ ಬಿಡುವ ಬಿಸಿಲು. ಆ ಎಲೆಗಳೆಲ್ಲ ಸುರುಟಿ, ಕಂದಿ, ಉದುರಿದವು. ಕುಂಕುಮವಿಟ್ಟ ಹೆಂಗಸರು ಬರುವುದನ್ನು ಬಿಟ್ಟರು. ಕೆಲಸವೂ ಹೋಯಿತು, ಮರವೂ ಹೋಯಿತು ಎಂದು ನನಗೆ ಸಂಕಟವಾಯಿತು. ಒಂದು ಸಂಜೆ ಅಮ್ಮನನ್ನು ಕರೆದೊಯ್ಯಲು ಬಂದ ಪ್ರಣಮ್ಯಾ ಗೇಟಿನಲ್ಲೇ ನಿಂತು “ಪೋದುಂಮಾ, ವಿಟ್ಟುಡು” ಎಂದಳು. ಸಾಕು, ಬಿಟ್ಟುಬಿಡು. ಕಲಾವತಿ ಪೈಪು ಹಿಡಿದು ನೀರು ಬಿಡುತ್ತಲೇ “ಎಲೆ ಹೋಗಿದೆ ಕಣೇ, ಮರ ಹೋಗಿದೆ ಅಂತ ನನಗಿನ್ನೂ ಗೊತ್ತಾಗಿಲ್ಲ” ಎಂದರು. ಅನುಮಾನದ ಮೇಲೂ ಅನುಮಾನವಿಟ್ಟು ಮನುಷ್ಯರು ಬದುಕಬಹುದೆಂದು ನನಗೆ ಹೊಳೆದದ್ದು ಆಗ.

ಜುಲೈ ಕೊನೆಗೆ, ಆಡಿ ತಿಂಗಳ ಮೊದಲ ಮಳೆಯ ನಂತರ ಎರಡನೆಯ ಚಿಗುರು ಬಂತು. ಮೊದಲಿನಷ್ಟು ಚೆಂದವಿಲ್ಲ, ಚಿಕ್ಕ, ದಪ್ಪ, ಮಂಕು ಎಲೆಗಳು. ಗುಂಡಿ ತೋಡದೆ ಉಳಿದ ಕಡೆ ಮಣ್ಣನ್ನು ಬೆರಳಿನಿಂದ ಸರಿಸಿ ಅವರು ನನ್ನನ್ನು ಕೆಳಗೆ ಕರೆದು ತೋರಿಸಿದರು: ದಾರದಷ್ಟು ಸಣ್ಣ, ಬೆಳ್ಳನೆಯ ಬೇರುಗಳು ಆ ಸುಣ್ಣದ ಗೆರೆ ಇದ್ದ ಕಡೆಗೆ ಹೊರಟಿದ್ದವು. ಹತ್ತಿರದಿಂದ ನೋಡಲು ನಾನು ಮೊಣಕಾಲೂರಿದೆ. ಅವರು ಮಾತ್ರ ಅವಸರದಿಂದ ಮಣ್ಣು ಮುಚ್ಚಿ, “ಮಾರ್ಗಳಿ ತನಕ, ಡಿಸೆಂಬರ್ ಬರೋವರೆಗೆ, ಯಾರಿಗೂ ಹೇಳಬೇಡಿ ಸಾರ್, ಕಣ್ಣು ಬಿದ್ದೀತು” ಎಂದರು.

ಧೈರ್ಯವಂತರನ್ನು ನಾವು ಹಾಡಿ ಹೊಗಳುತ್ತೇವೆ. ಅಂಜುಬುರುಕರನ್ನು ಕಂಡು ನಗುತ್ತೇವೆ. ಆದರೆ ಅಂಜಿಕೆಯಲ್ಲಿ ಎರಡು ಜಾತಿ. ತನಗೇನಾದೀತೋ ಎಂಬುದು ಒಂದು, ಅದು ಓಡಿಹೋಗುತ್ತದೆ. ಕೈಯಲ್ಲಿರುವ ಜೀವಕ್ಕೇನಾದೀತೋ ಎಂಬುದು ಇನ್ನೊಂದು. ಅದು ಮೈ ನಡುಗಿದರೂ ಕೂತಲ್ಲಿಂದ ಏಳುವುದಿಲ್ಲ. ನಾನು ಹಾಸಿಗೆ ಹಿಡಿಯುವ ದಿನ ಬಂದಾಗ, ಎಲ್ಲ ಸರಿಹೋಗುತ್ತದೆ ಎನ್ನುವ ಧೈರ್ಯಶಾಲಿಗಳು ನನ್ನ ಪಕ್ಕ ಬೇಡ. ಇಂಥ ಅಂಜುಬುರುಕರು ಒಬ್ಬರಿದ್ದರೆ ಸಾಕು.